ಮೊದಲು ಕೇಸ್ ಶೀಟ್, ಆಮೇಲೆ ಕೇಸು

ರಾತ್ರಿ ಹತ್ತರ ಮೇಲೆ ಜಿಲ್ಲಾ ಕೇಂದ್ರದ ಯಾವುದಾದರೂ ಖಾಸಗಿ ಆಸ್ಪತ್ರೆಯ ಮುಂದೆ ಕಾಣಬಹುದಾದ ನೋಟವಿದು. ಹಳ್ಳಿಯಿಂದ ಬಂದ ಟೆಂಪೊ ಗೇಟಿನ ಬಳಿ ನಿಂತಿದೆ. ಐಸಿಯು ಮೆಟ್ಟಿಲ ಮೇಲೆ ಕೂತ ತಾಯಿಯ ಮಡಿಲಲ್ಲಿ ಎಕ್ಸ್‌ರೇ ಕವರ್, ಕೈಯಲ್ಲಿ ಔಷಧದ ಚೀಟಿಗಳು. ಬೆಳಿಗ್ಗೆ ‘ಪರವಾಗಿಲ್ಲ, ನಾಳೆ ವಾರ್ಡಿಗೆ ಕಳಿಸುತ್ತೇವೆ’ ಎಂದಿದ್ದವರು ಸಂಜೆಯ ಹೊತ್ತಿಗೆ ‘ಕೈಮೀರಿತು’ ಎಂದಿದ್ದಾರೆ. ನಡುವೆ ಏನಾಯಿತೆಂದು ಹೇಳುವವರು ಯಾರೂ ಇಲ್ಲ. ಕೌಂಟರಿನಲ್ಲಿ ಬಾಕಿ ಬಿಲ್ಲಿನ ಲೆಕ್ಕ ನಡೆಯುತ್ತಿದೆ. ಸೋದರಮಾವನೊಬ್ಬ ಗಟ್ಟಿಯಾಗಿ ಹೇಳುತ್ತಾನೆ: ‘ಸುಮ್ನೆ ಬಿಡಬಾರದು ಕಣೋ, ಕೇಸ್ ಹಾಕೋಣ.’

ಕೇಸ್ ಹಾಕೋಣ ಎಂಬ ಮಾತು ಬಂದಷ್ಟು ಬೇಗ ಹಾದಿ ತೋಚುವುದಿಲ್ಲ. ಪೊಲೀಸ್ ಠಾಣೆಗೆ ಹೋಗಬೇಕೆ, ವಕೀಲರ ಬಳಿಗೆ ಹೋಗಬೇಕೆ? ಖರ್ಚೆಷ್ಟು? ವೈದ್ಯರ ವಿರುದ್ಧ ಮಾತಾಡುವವರು ಯಾರು? ಉತ್ತರ ಹುಡುಕುವುದರಲ್ಲೇ ತಿಂಗಳುಗಳು ಕಳೆಯುತ್ತವೆ. ಅಷ್ಟರಲ್ಲಿ ಪ್ರಕರಣಕ್ಕೆ ಬಲ ಕೊಡಬೇಕಿದ್ದ ಕಾಗದಗಳು ಕೈತಪ್ಪಿರುತ್ತವೆ. ಇಂಥ ದೂರುಗಳ ಹಣೆಬರಹ ಬಹುಪಾಲು ಮೊದಲ ಕೆಲವು ವಾರಗಳಲ್ಲೇ ನಿರ್ಧಾರವಾಗುತ್ತದೆ. ನೊಂದ ಮನೆಯವರಿಗೆ ಆ ಹೊತ್ತಿನಲ್ಲಿ ಇದನ್ನು ಹೇಳುವವರು ಸಿಗದೇ ಇರುವುದು ದೊಡ್ಡ ಅನ್ಯಾಯ.

ನಿರ್ಲಕ್ಷ್ಯ ಎಂದರೆ ಯಾವುದು?

ಚಿಕಿತ್ಸೆ ಫಲಿಸಲಿಲ್ಲ ಎಂದ ಮಾತ್ರಕ್ಕೆ ಅದು ನಿರ್ಲಕ್ಷ್ಯವಾಗುವುದಿಲ್ಲ. ಅದೇ ವಿಷಯದ ಸಾಧಾರಣ ಪರಿಣತಿಯುಳ್ಳ ವೈದ್ಯರು ಆ ಸನ್ನಿವೇಶದಲ್ಲಿ ವಹಿಸುವಷ್ಟು ಎಚ್ಚರವನ್ನು ಇವರು ವಹಿಸಿದರೇ ಎಂಬುದಷ್ಟೇ ಪ್ರಶ್ನೆ. ಇಂಗ್ಲೆಂಡಿನ 1957ರ ಬೋಲಂ ಪ್ರಕರಣದಲ್ಲಿ ರೂಪುಗೊಂಡ ಈ ಅಳತೆಗೋಲನ್ನು ನಮ್ಮ ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಒಪ್ಪಿಕೊಂಡಿತು. ಎರಡು ಚಿಕಿತ್ಸಾ ಕ್ರಮಗಳಿದ್ದು ವೈದ್ಯರು ಒಂದನ್ನು ಆರಿಸಿಕೊಂಡರೆ, ಅದು ಫಲ ಕೊಡದಿದ್ದರೂ ತಪ್ಪೆನಿಸದು. ಶಸ್ತ್ರಚಿಕಿತ್ಸೆಯ ನಂತರ ಸೋಂಕು ತಗುಲಿದರೆ ಅದಷ್ಟೇ ತಪ್ಪಿಗೆ ಸಾಕ್ಷಿಯಾಗದು. ಸೋಂಕಿನ ಲಕ್ಷಣ ಕಂಡಮೇಲೂ ಎರಡು ದಿನ ಯಾರೂ ನೋಡಲಿಲ್ಲ ಎಂದಾದರೆ ಮಾತು ಬೇರೆ.

ಡೆಂಗಿ ನಮ್ಮಲ್ಲಿ ಮನೆಮನೆಗೂ ಗೊತ್ತಿರುವ ಕಾಯಿಲೆ. ಅದಕ್ಕೆ ಸಂಬಂಧಿಸಿದ ಒಂದು ಪ್ರಕರಣ ಈ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುತ್ತದೆ. 2009ರ ನವೆಂಬರ್‌ನಲ್ಲಿ ಭೋಪಾಲದ ಖಾಸಗಿ ಆಸ್ಪತ್ರೆಯೊಂದಕ್ಕೆ ಬೆಳಿಗ್ಗೆ ದಾಖಲಾದ ಡೆಂಗಿ ರೋಗಿ ಅದೇ ದಿನ ತೀರಿಕೊಂಡರು. ಡೆಂಗಿಯಿಂದ ಸಾವು ಸಂಭವಿಸುತ್ತದೆ, ಅದರಲ್ಲಿ ವೈದ್ಯರ ತಪ್ಪೇನು ಎಂದು ಕೇಳಬಹುದು. ಸುಪ್ರೀಂ ಕೋರ್ಟ್ ಕೇಳಿದ ಪ್ರಶ್ನೆ ಬೇರೆ. ರಕ್ತದ ಅಂಶಗಳನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಿರಬೇಕೆಂದು ಡೆಂಗಿ ಚಿಕಿತ್ಸೆಯ ಮಾರ್ಗಸೂಚಿಯೇ ಹೇಳುವಾಗ, ಬೆಳಗಿನಿಂದ ಸಂಜೆಯವರೆಗೆ ಅದನ್ನು ಏಕೆ ಮಾಡಲಿಲ್ಲ? ಆಸ್ಪತ್ರೆಯ ದಾಖಲೆಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. 2019ರ ಜನವರಿಯಲ್ಲಿ ಕೋರ್ಟ್ ಆ ಕುಟುಂಬಕ್ಕೆ 15 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಗಂಟೆಗಳ ಲೆಕ್ಕ ಕಾಗದದಲ್ಲಿ ಇದ್ದುದರಿಂದ ಮಾತ್ರ ಇದು ಸಾಧ್ಯವಾಯಿತು.

ಸಹಿ ಮಾಡಿದ ಮಾತ್ರಕ್ಕೆ ಮುಗಿಯದು

‘ನೀವೇ ಸಹಿ ಹಾಕಿದ್ದೀರಲ್ಲ’ ಎಂಬ ಮಾತಿಗೆ ಅನೇಕರು ಅಲ್ಲಿಗೇ ಕೈಚೆಲ್ಲುತ್ತಾರೆ. ಶಸ್ತ್ರಚಿಕಿತ್ಸೆಗೆ ಮುನ್ನ ಆತುರದಲ್ಲಿ, ಇಂಗ್ಲಿಷಿನಲ್ಲಿ ಅಚ್ಚಾದ ಒಪ್ಪಿಗೆ ಪತ್ರಕ್ಕೆ ಹಾಕಿಸಿಕೊಂಡ ಸಹಿಯು ವೈದ್ಯರ ನಿರ್ಲಕ್ಷ್ಯಕ್ಕೆ ಪರವಾನಗಿಯಾಗುವುದಿಲ್ಲ. ಆ ಸಹಿ ಎಷ್ಟಕ್ಕೆ ಮಾಡಿದ್ದೋ ಅಷ್ಟಕ್ಕೇ ಸೀಮಿತ.

ಇದನ್ನು ಸ್ಪಷ್ಟಪಡಿಸಿದ್ದು ಸುಪ್ರೀಂ ಕೋರ್ಟಿನ 2008ರ ತೀರ್ಪು. ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ಪರೀಕ್ಷಿಸುವ ಲ್ಯಾಪರೊಸ್ಕೋಪಿಗೆ ಮಹಿಳೆಯೊಬ್ಬರು ಒಪ್ಪಿ ಸಹಿ ಮಾಡಿದ್ದರು. ಅವರಿಗೆ ಅರಿವಳಿಕೆ ಕೊಟ್ಟಿದ್ದಾಗ ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆಯಲಾಯಿತು. ಜೀವಕ್ಕೆ ತಕ್ಷಣದ ಅಪಾಯವಿರಲಿಲ್ಲ. ವಯಸ್ಕ ರೋಗಿ ಎಚ್ಚರಗೊಳ್ಳುವವರೆಗೆ ಕಾಯಬಹುದಾಗಿದ್ದಾಗ ತಾಯಿಯ ಒಪ್ಪಿಗೆ ಸಲ್ಲದು ಎಂದು ಕೋರ್ಟ್ ಹೇಳಿತು. ಏನು ಮಾಡುತ್ತೇವೆ, ಅಪಾಯವೇನು, ಬೇರೆ ದಾರಿ ಇದೆಯೇ ಎಂಬುದನ್ನು ತಿಳಿಸಿ ಪಡೆದ ಒಪ್ಪಿಗೆಯೇ ಒಪ್ಪಿಗೆ. ಆ ಮಹಿಳೆಗೆ ಸಿಕ್ಕ ಪರಿಹಾರ 25 ಸಾವಿರ ರೂಪಾಯಿ ಮಾತ್ರ. ಕಳೆದುಕೊಂಡದ್ದರ ಮುಂದೆ ಆ ಮೊತ್ತ ಏನೇನೂ ಅಲ್ಲ. ಆದರೆ ದೇಶದ ಎಲ್ಲ ರೋಗಿಗಳಿಗೂ ಅವರಿಂದ ಒಂದು ಹಕ್ಕು ಗಟ್ಟಿಯಾಯಿತು.

ಎಪ್ಪತ್ತೆರಡು ಗಂಟೆಯ ಹಕ್ಕು

ವೈದ್ಯಕೀಯ ಪ್ರಕರಣಗಳನ್ನು ನಡೆಸುವ ವಕೀಲರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಕೇಸ್ ಶೀಟ್ ಇದೆಯಾ?’ ಹೆಚ್ಚಿನವರು ತೋರಿಸುವುದು ಡಿಸ್ಚಾರ್ಜ್ ಸಮ್ಮರಿ. ಅದು ಆಸ್ಪತ್ರೆಯೇ ಕೊನೆಗೆ ಬರೆದುಕೊಟ್ಟ ಒಂದೆರಡು ಪುಟಗಳ ಸಾರಾಂಶ. ನಿಜವಾದ ಕಥೆ ಇರುವುದು ಕೇಸ್ ಶೀಟಿನಲ್ಲಿ. ಯಾವ ವೈದ್ಯರು ಎಷ್ಟು ಹೊತ್ತಿಗೆ ಬಂದು ನೋಡಿದರು, ನರ್ಸ್‌ಗಳು ಗುರುತು ಹಾಕಿದ ಬಿಪಿ, ನಾಡಿ, ಜ್ವರದ ಚಾರ್ಟ್, ಯಾವ ಔಷಧ ಯಾವ ಗಂಟೆಗೆ ಕೊಟ್ಟರು, ಅರಿವಳಿಕೆಯ ಟಿಪ್ಪಣಿ, ಆಪರೇಷನ್ ಟಿಪ್ಪಣಿ, ಒಪ್ಪಿಗೆ ಪತ್ರ ಎಲ್ಲವೂ ಅದರೊಳಗಿರುತ್ತವೆ.

ಅದನ್ನು ಕೇಳುವುದು ರೋಗಿಯ ಹಕ್ಕು. ವೈದ್ಯರ ವೃತ್ತಿ ನಡವಳಿಕೆ ಕುರಿತ 2002ರ ನಿಯಮಾವಳಿ ಪ್ರಕಾರ, ರೋಗಿ ಅಥವಾ ಅವರ ಅಧಿಕೃತ ಸಹಾಯಕರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು.

ಬಾಯಿಮಾತಿನಲ್ಲಿ ಕೇಳಿದರೆ ‘ಡಾಕ್ಟರ್ ಊರಲ್ಲಿಲ್ಲ’, ‘ಸೋಮವಾರ ಬನ್ನಿ’ ಎಂಬ ಉತ್ತರಗಳೇ ಸಿಗಬಹುದು. ಕನ್ನಡದಲ್ಲೇ ಅರ್ಜಿ ಬರೆಯಬಹುದು: ‘ನನ್ನ ಪತ್ನಿ ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ನಿಮ್ಮಲ್ಲಿ ಒಳರೋಗಿಯಾಗಿದ್ದರು. ಒಳರೋಗಿ ಸಂಖ್ಯೆ ಇಷ್ಟು. ಅವರ ಸಂಪೂರ್ಣ ಕೇಸ್ ಶೀಟ್, ನರ್ಸಿಂಗ್ ಚಾರ್ಟ್, ಎಲ್ಲ ಪರೀಕ್ಷಾ ವರದಿಗಳು ಮತ್ತು ಸ್ಕ್ಯಾನ್ ಚಿತ್ರಗಳ ದೃಢೀಕೃತ ಪ್ರತಿಗಳನ್ನು ಕೊಡಬೇಕಾಗಿ ಕೋರುತ್ತೇನೆ.’ ಎರಡು ಪ್ರತಿ ಮಾಡಿ, ಒಂದಕ್ಕೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮೊಹರು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಸಿಸಿಟಿವಿ ದೃಶ್ಯ ಮುಖ್ಯವೆನಿಸಿದರೆ ಅದನ್ನು ಅಳಿಸದಂತೆ ಅದೇ ಅರ್ಜಿಯಲ್ಲಿ ಕೇಳಿ. ದಾಖಲೆ ಕೊಡದೆ ಸತಾಯಿಸಿದ ಆಸ್ಪತ್ರೆಯ ಮೇಲೆ ಮುಂದೆ ಗ್ರಾಹಕ ಆಯೋಗಕ್ಕೆ ಅನುಮಾನ ಮೂಡುವುದು ಸಹಜ.

ಸಾವು ಸಂಭವಿಸಿದ್ದರೆ ಇನ್ನೊಂದು ಕಠಿಣ ನಿರ್ಧಾರ ಎದುರಾಗುತ್ತದೆ. ‘ದೇಹ ಕೊಯ್ಯಿಸೋದು ಬೇಡ’ ಎಂದು ಮನೆಯ ಹಿರಿಯರು ಹೇಳುವುದು ಅರ್ಥವಾಗುವಂಥದ್ದೇ. ಆದರೆ ಮರಣೋತ್ತರ ಪರೀಕ್ಷೆ ಆಗದಿದ್ದರೆ ಸಾವಿನ ಕಾರಣವನ್ನು ಆಮೇಲೆ ಸಾಬೀತುಪಡಿಸುವುದು ಬಹಳ ಕಷ್ಟ. ಗಂಭೀರ ಅನುಮಾನವಿದ್ದರೆ ಅಂತ್ಯಕ್ರಿಯೆಗೆ ಮೊದಲೇ ಪೊಲೀಸರಿಗೆ ಲಿಖಿತ ದೂರು ಕೊಟ್ಟು ಸರ್ಕಾರಿ ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆ ಮಾಡಿಸಬೇಕು.

ಸಿಟ್ಟಿನಲ್ಲಿ ಆಸ್ಪತ್ರೆಯ ಗಾಜು ಒಡೆದರೆ, ಸಿಬ್ಬಂದಿ ಮೇಲೆ ಕೈಮಾಡಿದರೆ, ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಯುವ 2009ರ ರಾಜ್ಯ ಕಾಯ್ದೆಯಡಿ ನೊಂದವರೇ ಆರೋಪಿಗಳಾಗುತ್ತಾರೆ. ರಾತ್ರಿಪಾಳಿಯಲ್ಲಿದ್ದ ನರ್ಸ್ ಅಥವಾ ಕಿರಿಯ ವೈದ್ಯೆ ಏಟು ತಿನ್ನುವುದರಿಂದ ಯಾರಿಗೂ ನ್ಯಾಯ ಸಿಗುವುದಿಲ್ಲ.

ವಕೀಲರ ಜೊತೆಗೆ ಇನ್ನೊಬ್ಬ ವೈದ್ಯರು

ಕೇಸ್ ಶೀಟ್ ಕೈಗೆ ಬಂದ ಮೇಲೆ ಅದನ್ನು ಓದಬಲ್ಲವರು ಬೇಕು. ಅದೇ ವಿಷಯದಲ್ಲಿ ಪರಿಣತರಾದ, ಸಾಧ್ಯವಾದರೆ ಬೇರೆ ಊರಿನ ವೈದ್ಯರಿಗೆ ತೋರಿಸುವುದು ಒಳ್ಳೆಯದು. ಒಂದೇ ಊರಿನಲ್ಲಿ ಒಬ್ಬರಿಗೊಬ್ಬರು ರೋಗಿಗಳನ್ನು ಕಳಿಸಿಕೊಡುವ ವೈದ್ಯರು ಸಹೋದ್ಯೋಗಿಯ ವಿರುದ್ಧ ಬರೆದುಕೊಡಲು ಹಿಂಜರಿಯುತ್ತಾರೆ. ಬರೆದುಕೊಡದಿದ್ದರೂ ಚಿಂತೆಯಿಲ್ಲ, ‘ಎಲ್ಲಿ ಎಡವಟ್ಟಾಗಿದೆ’ ಎಂದು ಬಾಯಲ್ಲಿ ವಿವರಿಸಿದರೂ ಪ್ರಕರಣದ ದಿಕ್ಕು ಸಿಗುತ್ತದೆ. ‘ಇಲ್ಲಿ ತಪ್ಪೇನೂ ಕಾಣುತ್ತಿಲ್ಲ’ ಎಂದು ಅವರು ಹೇಳಿದರೆ ಅದನ್ನೂ ಕೇಳಿಸಿಕೊಳ್ಳಬೇಕು. ‘ನಾವೇ ತಡವಾಗಿ ಕರೆದುಕೊಂಡು ಬಂದೆವೇನೋ’ ಎಂಬ ಕೊರಗನ್ನು ಹೊತ್ತ ಎಷ್ಟೋ ಮನೆಗಳಿಗೆ ಆ ಉತ್ತರದಿಂದಲೇ ಸಮಾಧಾನ ಸಿಗುತ್ತದೆ.

ತಜ್ಞರ ಅಭಿಪ್ರಾಯ ಇಲ್ಲದೆ ದೂರು ನಿಲ್ಲುವುದೇ ಇಲ್ಲವೆಂದೇನಿಲ್ಲ. ಮಲೇರಿಯಾ ಬಂದ ಮಹಿಳೆಗೆ ಟೈಫಾಯ್ಡ್ ಎಂದು ಚಿಕಿತ್ಸೆ ಕೊಟ್ಟ ಹೈದರಾಬಾದಿನ ಪ್ರಕರಣದಲ್ಲಿ, ಎಲ್ಲ ಪ್ರಕರಣಕ್ಕೂ ತಜ್ಞರ ಸಾಕ್ಷ್ಯ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಎಡಗಾಲಿನ ಬದಲು ಬಲಗಾಲು ಕೊಯ್ದರೆ, ಹೊಟ್ಟೆಯಲ್ಲಿ ಬಟ್ಟೆ ಬಿಟ್ಟರೆ ತಪ್ಪು ತಾನೇ ಮಾತಾಡುತ್ತದೆ. ತೊಡಕಿನ ಪ್ರಕರಣಗಳಲ್ಲಿ ಆಯೋಗವೇ ದಾಖಲೆಗಳನ್ನು ತಜ್ಞ ವೈದ್ಯರಿಗೆ ಕಳಿಸಿ ಅಭಿಪ್ರಾಯ ತರಿಸಿಕೊಳ್ಳಬಹುದು.

ಯಾವ ಬಾಗಿಲು ತಟ್ಟಬೇಕು?

ಪರಿಹಾರ ಬೇಕೆನ್ನುವವರಿಗೆ ಹತ್ತಿರದ ದಾರಿ ಜಿಲ್ಲಾ ಗ್ರಾಹಕ ಆಯೋಗ. ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಭಾರತೀಯ ವೈದ್ಯಕೀಯ ಸಂಘವೇ ಆ ಪ್ರಕರಣದಲ್ಲಿ ಎದುರು ನಿಂತಿತ್ತು. 2019ರ ಹೊಸ ಗ್ರಾಹಕ ಕಾಯ್ದೆ 2020ರ ಜುಲೈನಲ್ಲಿ ಜಾರಿಯಾದಾಗ, ಅದರಲ್ಲಿ ಆರೋಗ್ಯ ಸೇವೆಯ ಹೆಸರಿಲ್ಲ ಎಂಬ ವಾದ ಎದ್ದಿತು. 2022ರಲ್ಲಿ ಅದಕ್ಕೂ ತೆರೆಬಿತ್ತು. ವೈದ್ಯರು ಈಗಲೂ ಈ ಕಾಯ್ದೆಯ ಒಳಗೇ ಇದ್ದಾರೆ.

ಹೊಸ ಕಾಯ್ದೆಯಲ್ಲಿ ಹಳ್ಳಿಯವರಿಗೆ ದೊಡ್ಡ ಅನುಕೂಲವಿದೆ. ಚಿಕಿತ್ಸೆ ಬೆಂಗಳೂರಿನಲ್ಲಿ ಆಗಿದ್ದರೂ ದೂರನ್ನು ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ಸಲ್ಲಿಸಬಹುದು. ಬೀದರಿನವರು ಬೀದರಿನಲ್ಲಿ, ಚಾಮರಾಜನಗರದವರು ಚಾಮರಾಜನಗರದಲ್ಲಿ. ಯಾವ ಆಯೋಗಕ್ಕೆ ಹೋಗಬೇಕೆಂಬುದು ನಿರ್ಧಾರವಾಗುವುದು ಆಸ್ಪತ್ರೆಗೆ ಕಟ್ಟಿದ ಹಣದ ಮೇಲೆ. ನೀವು ಎಷ್ಟೇ ಪರಿಹಾರ ಕೇಳಿದರೂ, ಕಟ್ಟಿದ್ದು 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ ಸಾಕು. 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವೇ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ. ಬಿಲ್ಲುಗಳನ್ನೆಲ್ಲ ಜೋಪಾನ ಮಾಡಬೇಕಾದದ್ದು ಇದಕ್ಕಾಗಿಯೂ ಹೌದು.

ಗಡುವು 2 ವರ್ಷ. ಇದನ್ನು ಹಗುರವಾಗಿ ನೋಡಬಾರದು. ತಡವಾದದ್ದಕ್ಕೆ ಸಮರ್ಪಕ ಕಾರಣ ಕೊಟ್ಟರೆ ಆಯೋಗ ಮನ್ನಿಸಬಹುದು, ಆದರೆ ಮನ್ನಿಸಲೇಬೇಕೆಂದಿಲ್ಲ. 1993ರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನರ್ಸ್ ಒಬ್ಬರು ವರ್ಷಗಟ್ಟಲೆ ಹೊಟ್ಟೆನೋವು ಅನುಭವಿಸಿದರು. 2002ರಲ್ಲಿ ಮತ್ತೆ ಶಸ್ತ್ರಚಿಕಿತ್ಸೆ ಮಾಡಿದಾಗ ಒಳಗೆ ಉಳಿದಿದ್ದ ಬಟ್ಟೆಯ ಗಾಜ್ ಸಿಕ್ಕಿತು. ಅಷ್ಟು ವರ್ಷ ನೋವಿದ್ದರೂ ಪರೀಕ್ಷೆ ಮಾಡಿಸಿಕೊಳ್ಳಲಿಲ್ಲವೇಕೆ ಎಂದು ಕೇಳಿದ ಸುಪ್ರೀಂ ಕೋರ್ಟ್, ದೂರು ಅವಧಿ ಮೀರಿದ್ದೆಂದು ತಳ್ಳಿಹಾಕಿತು. ನನ್ನ ಅಭಿಪ್ರಾಯದಲ್ಲಿ ಅದು ತುಂಬ ಕಠಿಣವಾದ ತೀರ್ಪು. ಆದರೂ ಇಂದಿಗೂ ವಕೀಲರು ಅದನ್ನು ಮುಂದಿಟ್ಟು ವಾದಿಸುತ್ತಾರೆ.

ಪೊಲೀಸ್ ಕೇಸಿನ ಹಾದಿ ಇನ್ನೂ ಕಿರಿದು. ವೈದ್ಯರನ್ನು ಜೈಲಿಗೆ ಕಳಿಸಬೇಕಾದರೆ ಸಾಧಾರಣ ನಿರ್ಲಕ್ಷ್ಯ ಸಾಲದು, ಘೋರ ನಿರ್ಲಕ್ಷ್ಯವೇ ಆಗಿರಬೇಕು ಎಂದಿದೆ ಜೇಕಬ್ ಮ್ಯಾಥ್ಯೂ ತೀರ್ಪು. ತನಿಖಾಧಿಕಾರಿ ಮೊದಲು ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕು. ದೂರು ಬಂತೆಂದು ವೈದ್ಯರನ್ನು ಸುಮ್ಮನೆ ಬಂಧಿಸುವಂತಿಲ್ಲ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ, ಚಿಕಿತ್ಸೆಯ ವೇಳೆ ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದ ನೋಂದಾಯಿತ ವೈದ್ಯರಿಗೆ 2 ವರ್ಷದವರೆಗೆ ಸಜೆ ಮತ್ತು ದಂಡವಿದೆ.

ವೈದ್ಯರ ನೋಂದಣಿಯನ್ನೇ ಅಮಾನತು ಮಾಡುವ ಅಧಿಕಾರ ಇರುವುದು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಅಲ್ಲಿ ಹಣದ ಪರಿಹಾರ ಸಿಗುವುದಿಲ್ಲ, ಆದರೆ ಪರಿಷತ್ತು ತಪ್ಪನ್ನು ಗುರುತಿಸಿದರೆ ಆ ಆದೇಶ ಗ್ರಾಹಕ ಆಯೋಗದಲ್ಲಿ ನೆರವಿಗೆ ಬರಬಹುದು. ಆಸ್ಪತ್ರೆಯ ವ್ಯವಸ್ಥೆ, ಬಿಲ್ಲು, ದಾಖಲೆ ಕೊಡದ ವಿಚಾರಗಳಿಗೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವಿದೆ. 2017ರಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ಇದೇ ಕಾಯ್ದೆಯ ತಿದ್ದುಪಡಿಯ ವಿರುದ್ಧ. ಬಾಕಿ ಹಣಕ್ಕಾಗಿ ಮೃತದೇಹ ಹಿಡಿದಿಟ್ಟುಕೊಳ್ಳಬಾರದೆಂಬ ನಿಯಮ ಗಟ್ಟಿಯಾಗಿದ್ದು ಆ ತಿದ್ದುಪಡಿಯಿಂದ. ಜನ ಕಡಿಮೆ ಬಳಸುವ ಬಾಗಿಲು ಈ ಪ್ರಾಧಿಕಾರ.

ಸರ್ಕಾರಿ ಆಸ್ಪತ್ರೆಯಲ್ಲಿ ಆದರೆ?

ಇಲ್ಲಿ ಕಾನೂನು ಬಡವರ ಕೈಬಿಟ್ಟಿದೆ ಎಂದೇ ಹೇಳಬೇಕು. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಕೊಡುವಲ್ಲಿ ಮಾತ್ರ ಉಚಿತ ರೋಗಿಯೂ ಗ್ರಾಹಕ. ವಿಮಾ ಕಂಪನಿ ಅಥವಾ ಉದ್ಯೋಗದಾತರು ಹಣ ಕಟ್ಟಿದ್ದರೂ ದೂರು ಕೊಡಬಹುದು. ವಂತಿಗೆ ಕಟ್ಟುವ ಕಾರ್ಮಿಕರ ಇಎಸ್‌ಐ ಆಸ್ಪತ್ರೆಗಳೂ ಕಾಯ್ದೆಯೊಳಗೆ ಬರುತ್ತವೆಂದು 2007ರಲ್ಲಿ ತೀರ್ಪಾಗಿದೆ. ಉಳಿದವರು ಸಿವಿಲ್ ಕೋರ್ಟಿಗೆ, ತಪ್ಪು ಎದ್ದುಕಾಣುವಂತಿದ್ದರೆ ಹೈಕೋರ್ಟಿಗೆ, ಇಲ್ಲವೇ ಮಾನವ ಹಕ್ಕುಗಳ ಆಯೋಗಕ್ಕೆ ಹೋಗಬೇಕು.

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ಅನುಮಾನ ಬಿದ್ದದ್ದು ರಕ್ತನಾಳಕ್ಕೆ ಕೊಡುವ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ. ಮಂಚದ ಪಕ್ಕ ನಿಂತ ವೈದ್ಯರಷ್ಟೇ ಅಲ್ಲ, ಔಷಧ ತಯಾರಿಸಿದವರು, ಖರೀದಿಸಿದವರು, ಪರೀಕ್ಷಿಸಿ ಒಪ್ಪಿದವರು ಎಲ್ಲರೂ ಉತ್ತರ ಹೇಳಬೇಕಾಗುತ್ತದೆ ಎಂಬುದನ್ನು ಆ ತಾಯಂದಿರ ಸಾವು ರಾಜ್ಯಕ್ಕೆ ತೋರಿಸಿತು.

ವಕೀಲರನ್ನು ಹುಡುಕುವಾಗ

ಗ್ರಾಹಕ ಆಯೋಗದಲ್ಲಿ ವಕೀಲರಿಲ್ಲದೆ ಸ್ವತಃ ವಾದಿಸಬಹುದು. ಸಣ್ಣ ವ್ಯಾಜ್ಯಕ್ಕೆ ಅದು ಸರಿ. ವೈದ್ಯಕೀಯ ಪ್ರಕರಣದಲ್ಲಿ ಎದುರಿಗೆ ವೈದ್ಯರ ಪರವಾಗಿ ವಿಮಾ ಕಂಪನಿಯ ನುರಿತ ವಕೀಲರು ಇರುತ್ತಾರೆ. ಹಾಗಾಗಿ ಇಂಥ ಪ್ರಕರಣ ನಡೆಸಿದ ಅನುಭವವಿರುವವರನ್ನೇ ಹುಡುಕಬೇಕು. ಭೂವ್ಯಾಜ್ಯದಲ್ಲಿ ಹೆಸರಾದವರು ನರ್ಸಿಂಗ್ ಚಾರ್ಟ್ ಓದಬಲ್ಲರೆಂದು ಹೇಳಲಾಗದು. ಹಿಂದೆ ಎಷ್ಟು ವೈದ್ಯಕೀಯ ಪ್ರಕರಣ ನಡೆಸಿದ್ದೀರಿ, ಯಾವ ವೈದ್ಯರ ಸಲಹೆ ಪಡೆಯುತ್ತೀರಿ, ಈ ದೂರಿನ ದುರ್ಬಲ ಅಂಶ ಯಾವುದು ಎಂದು ಸಂಕೋಚವಿಲ್ಲದೆ ಕೇಳಿ. ಕೇಸ್ ಶೀಟ್ ನೋಡದೆಯೇ ‘ಗ್ಯಾರಂಟಿ ಗೆಲ್ತೀವಿ’ ಎನ್ನುವವರಿಂದ ದೂರವಿರುವುದು ಲೇಸು.

‘ಬಂದ ಪರಿಹಾರದಲ್ಲಿ ಇಷ್ಟು ಪಾಲು ನನಗೆ’ ಎಂಬ ಕರಾರಿಗೆ ಒಪ್ಪಬೇಡಿ. ಅಮೆರಿಕದಲ್ಲಿ ಅದು ನಡೆಯುತ್ತದೆ. ಭಾರತದಲ್ಲಿ ವಕೀಲರ ಪರಿಷತ್ತಿನ ನಿಯಮ ಅದನ್ನು ನಿಷೇಧಿಸಿದೆ. ಶುಲ್ಕವೆಷ್ಟು, ಯಾವ ಹಂತದಲ್ಲಿ ಎಷ್ಟು ಎಂಬುದನ್ನು ಬರೆಸಿಕೊಂಡು, ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ. ಮೂಲ ದಾಖಲೆಗಳನ್ನು ನಿಮ್ಮಲ್ಲೇ ಇಟ್ಟುಕೊಂಡು ನಕಲು ಪ್ರತಿ ಕೊಡಿ.

ಹಣವಿಲ್ಲದವರಿಗೆ ಉಚಿತ ಕಾನೂನು ನೆರವಿದೆ. 1987ರ ಕಾಯ್ದೆಯ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇದ್ದರೂ ಅರ್ಹರು. ಕೋರ್ಟ್ ಆವರಣದಲ್ಲೇ ಇರುವ ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಅರ್ಜಿ ಕೊಟ್ಟರೆ ವಕೀಲರನ್ನು ನೇಮಿಸುತ್ತಾರೆ. ಸಹಾಯವಾಣಿ 15100. ಗ್ರಾಹಕ ದೂರಿನ ಬಗ್ಗೆ ತಿಳಿಯಲು 1915.

ಎಷ್ಟು ಕಾಲ, ಎಷ್ಟು ಹಣ

ದೂರಿನ ಇತ್ಯರ್ಥಕ್ಕೆ ಗ್ರಾಹಕ ಕಾಯ್ದೆ ಹೇಳುವುದು ಮೂರರಿಂದ ಐದು ತಿಂಗಳು. ನಡೆಯುವುದು ವರ್ಷಗಳು. ಜಿಲ್ಲಾ ಆಯೋಗದಲ್ಲಿ ಗೆದ್ದರೂ ಎದುರಾಳಿ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಹಾಗೆ ಹೋಗುವವರು ಆದೇಶದ ಅರ್ಧ ಹಣವನ್ನು ಠೇವಣಿ ಇಡಬೇಕೆಂಬುದು ಹೊಸ ಕಾಯ್ದೆಯ ಒಳ್ಳೆಯ ಅಂಶ. ಅಂತಿಮ ಆದೇಶ ಪಾಲಿಸದಿದ್ದರೆ ಸಜೆಯೂ ಇದೆ.

ಹೈದರಾಬಾದಿನಲ್ಲಿ 1990ರಲ್ಲಿ ಶಸ್ತ್ರಚಿಕಿತ್ಸೆಯ ನಂತರ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಸುಪ್ರೀಂ ಕೋರ್ಟಿನಿಂದ 1 ಕೋಟಿ ರೂಪಾಯಿ ಸಿಕ್ಕಿದ್ದು 2009ರಲ್ಲಿ. ತಮ್ಮ ವಾದವನ್ನು ಅವರೇ ಮಂಡಿಸಿದ್ದರು. 1998ರಲ್ಲಿ ಕೋಲ್ಕತ್ತದಲ್ಲಿ ನಡೆದ ತಪ್ಪು ಚಿಕಿತ್ಸೆಗೆ ಪತ್ನಿಯನ್ನು ಕಳೆದುಕೊಂಡ ಅಮೆರಿಕವಾಸಿ ವೈದ್ಯರೊಬ್ಬರು 15 ವರ್ಷ ಹೋರಾಡಿದ ಮೇಲೆ, 2013ರಲ್ಲಿ ಸುಮಾರು 6 ಕೋಟಿ ರೂಪಾಯಿ ಮತ್ತು ಬಡ್ಡಿ ಕೊಡುವಂತೆ ಆದೇಶವಾಯಿತು. ಇವು ಅಪರೂಪದ ಮೊತ್ತಗಳು. ಮೃತರ ವಯಸ್ಸು, ದುಡಿಮೆ, ಅವಲಂಬಿತರು, ಮುಂದಿನ ಚಿಕಿತ್ಸೆಯ ಖರ್ಚು ಎಲ್ಲವನ್ನೂ ಲೆಕ್ಕ ಹಾಕಿದಾಗ ಜಿಲ್ಲಾ ಆಯೋಗಗಳ ಆದೇಶ ಕೆಲವು ಲಕ್ಷಗಳಲ್ಲಿ ನಿಲ್ಲುವುದೇ ಹೆಚ್ಚು. ಆದ್ದರಿಂದ ವಕೀಲರ ಮುಂದೆ ಕೂತಾಗ ಆಸ್ಪತ್ರೆಯ ಬಿಲ್ಲುಗಳ ಜೊತೆ ಸಂಬಳದ ಚೀಟಿ, ಪಹಣಿ, ಮಕ್ಕಳ ಶಾಲೆಯ ಶುಲ್ಕದ ರಸೀದಿ, ಆಸ್ಪತ್ರೆಗೆ ಓಡಾಡಿದ ವಾಹನದ ಬಾಡಿಗೆ ಚೀಟಿಯನ್ನೂ ಒಯ್ಯಬೇಕು. ಮನೆಗೆಲಸ ಮಾಡುತ್ತಿದ್ದ ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಲು ಕೇಳಬೇಕು. ಕೇಳದೆ ಬಿಟ್ಟದ್ದನ್ನು ಆಯೋಗ ತಾನಾಗಿ ಸೇರಿಸಿ ಕೊಡುವುದು ಅಪರೂಪ.